ಆರ್ಥಿಕ ವರ್ಷಾಂತ್ಯದಲ್ಲಿ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಖರೀದಿ, ಬಿಲ್ಲು ಹಾಗೂ ಪಾವತಿ: ಬೀದರ್, ಭಾಲ್ಕಿ ಮತ್ತು ಔರಾದ್ ಭಾಗದ ಸಿಬ್ಬಂದಿ ಮತ್ತು ಸರಬರಾಜುದಾರರಿಗೆ ಮಾಹಿತಿ

ಪೀಠಿಕೆ

ಸರ್ಕಾರದ ಆರ್ಥಿಕ ವರ್ಷವು ಏಪ್ರಿಲ್ 1ರಂದು ಆರಂಭಗೊಂಡು ಮುಂದಿನ ವರ್ಷದ ಮಾರ್ಚ್ 31ರಂದು ಕೊನೆಗೊಳ್ಳುತ್ತದೆ. ಒಂದು ವರ್ಷಕ್ಕೆ ಮಂಜೂರಾದ ಅನುದಾನವನ್ನು ಆ ವರ್ಷದೊಳಗೇ ನಿಯಮಾನುಸಾರ ವೆಚ್ಚ ಮಾಡತಕ್ಕದ್ದು. ಪ್ರಯೋಗಾಲಯದ ಉಪಕರಣ, ರಾಸಾಯನಿಕ, ಪುಸ್ತಕ, ಗಣಕಯಂತ್ರ, ಪೀಠೋಪಕರಣ, ಪಶು ಆಹಾರ, ಔಷಧಿ ಮುಂತಾದವುಗಳ ಖರೀದಿಗೆ ಸಂಬಂಧಿಸಿದ ಬೇಡಿಕೆಗಳು ಜನವರಿಯ ನಂತರ ಒಮ್ಮೆಲೇ ಬರುವುದರಿಂದ ಹಣಕಾಸು ಶಾಖೆ, ಉಗ್ರಾಣ ಮತ್ತು ಖಜಾನೆಗಳಲ್ಲಿ ಒತ್ತಡ ಉಂಟಾಗುತ್ತದೆ. ಇದರ ಪರಿಣಾಮವಾಗಿ ಅನುದಾನ ವ್ಯಪಗತವಾಗುವುದು, ಬಿಲ್ಲು ಹಿಂದಿರುಗುವುದು ಅಥವಾ ಅವಸರದ ಖರೀದಿಗೆ ಲೆಕ್ಕಪರಿಶೋಧನಾ ಆಕ್ಷೇಪಣೆ ಬರುವುದು ಸಂಭವಿಸುತ್ತದೆ. ಅಂತಿಮವಾಗಿ ನಷ್ಟವಾಗುವುದು ಪ್ರಯೋಗಾಲಯವನ್ನು ನಂಬಿದ ವಿದ್ಯಾರ್ಥಿಗೆ, ಸೇವೆಯನ್ನು ನಿರೀಕ್ಷಿಸುವ ರೈತರಿಗೆ ಮತ್ತು ಸಾಮಗ್ರಿ ಒದಗಿಸಿ ಹಣಕ್ಕಾಗಿ ಕಾಯುವ ಸ್ಥಳೀಯ ವರ್ತಕರಿಗೆ.

ಆದ್ದರಿಂದ ಬೋಧಕ ಮತ್ತು ಬೋಧಕೇತರ ಸಿಬ್ಬಂದಿ, ಅತಿಥಿ ಉಪನ್ಯಾಸಕರು, ಸರಬರಾಜುದಾರರು ಹಾಗೂ ಗುತ್ತಿಗೆದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಣದ ಮೂಲವನ್ನು ಮೊದಲು ಗುರುತಿಸುವುದು

ವರ್ಷಾಂತ್ಯದಲ್ಲಿ ಅನುಸರಿಸಬೇಕಾದ ಕ್ರಮವು ಹಣ ಎಲ್ಲಿಂದ ಬಂದಿದೆ ಎಂಬುದನ್ನು ಅವಲಂಬಿಸಿರುತ್ತದೆ. ಜಿಲ್ಲೆಯ ಮೂರು ಸ್ಥಳಗಳ ಸಂಸ್ಥೆಗಳಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಕಾಣಬಹುದು.

ಬೀದರ್ ನಗರ: ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2004ರ ಅಧಿನಿಯಮದನ್ವಯ ಸ್ಥಾಪಿತವಾಗಿದ್ದು, ಇದರ ಕೇಂದ್ರ ಕಚೇರಿಯು ನಂದಿನಗರದಲ್ಲಿದೆ. ರಾಜ್ಯ ಸರ್ಕಾರದ ಅನುದಾನದ ಜೊತೆಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಮುಂತಾದ ಸಂಸ್ಥೆಗಳ ಯೋಜನಾ ಅನುದಾನವೂ ಇಲ್ಲಿ ವೆಚ್ಚವಾಗುತ್ತದೆ. ದೇವಣಿ ತಳಿಯ ಸಂಶೋಧನಾ ಕೇಂದ್ರದಂತಹ ಘಟಕಗಳಲ್ಲಿ ಮೇವು, ಪಶು ಆಹಾರ ಮತ್ತು ಔಷಧಿಗಳ ಅಗತ್ಯವು ಮಾರ್ಚ್ 31ಕ್ಕೆ ನಿಲ್ಲುವುದಿಲ್ಲ; ಏಪ್ರಿಲ್ 1ರ ಬೆಳಿಗ್ಗೆಯೂ ಜಾನುವಾರುಗಳಿಗೆ ಮೇವು ಬೇಕು. ಇಂತಹ ನಿರಂತರ ಅಗತ್ಯಗಳಿಗೆ ಎರಡೂ ವರ್ಷಗಳನ್ನು ಒಳಗೊಳ್ಳುವ ದರ ಒಪ್ಪಂದವನ್ನು ಮುಂಚಿತವಾಗಿ ಮಾಡಿಕೊಳ್ಳುವುದು ಸೂಕ್ತ.

ಭಾಲ್ಕಿ ತಾಲ್ಲೂಕು: ಹಾಲಹಳ್ಳಿಯಲ್ಲಿ ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದು, 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಆರಂಭಗೊಂಡಿತು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ವ್ಯಾಪ್ತಿಗೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ಹಣಕಾಸು ಅಧಿಕಾರಿ, ಹಣಕಾಸು ಸಮಿತಿ ಮತ್ತು ಸಿಂಡಿಕೇಟ್ ವ್ಯವಸ್ಥೆ ಇರುತ್ತದೆ. ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ ಮುಂತಾದ ಆಂತರಿಕ ಸಂಪನ್ಮೂಲಗಳು ವಿಶ್ವವಿದ್ಯಾಲಯದ ಸ್ವಂತ ನಿಧಿಗೆ ಸೇರುತ್ತವೆ. ಸ್ವಂತ ನಿಧಿಯ ಉಳಿಕೆಯು ಖಜಾನೆ ಅನುದಾನದಂತೆ ತಾನಾಗಿಯೇ ವ್ಯಪಗತವಾಗುವುದಿಲ್ಲ. ಆದರೆ ಆಯವ್ಯಯದಲ್ಲಿ ದೊರೆತ ವೆಚ್ಚದ ಅನುಮೋದನೆಯು ಆ ವರ್ಷಕ್ಕೆ ಮಾತ್ರ ಸೀಮಿತವಾಗಿರುತ್ತದೆ. ಮುಂದಿನ ವರ್ಷ ಅದೇ ಕಾಮಗಾರಿಗೆ ವೆಚ್ಚ ಮಾಡಲು ಹೊಸ ಆಯವ್ಯಯದಲ್ಲಿ ಅವಕಾಶ ಕಲ್ಪಿಸಿಕೊಳ್ಳಬೇಕಾಗುತ್ತದೆ.

ಔರಾದ್: ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಸರ್ಕಾರದ ಇಲಾಖಾ ಸಂಸ್ಥೆಯಾಗಿದೆ. ಇಲ್ಲಿ ಪ್ರಾಂಶುಪಾಲರು ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರಿಯಾಗಿರುತ್ತಾರೆ. ಬಿಲ್ಲುಗಳನ್ನು ಖಜಾನೆ-2 ತಂತ್ರಾಂಶದ ಮೂಲಕ ಖಜಾನೆಗೆ ಸಲ್ಲಿಸಲಾಗುತ್ತದೆ. ಈ ಅನುದಾನದ ವೆಚ್ಚವಾಗದ ಭಾಗವು ಮಾರ್ಚ್ 31ರ ನಂತರ ಲಭ್ಯವಿರುವುದಿಲ್ಲ. ಇದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲು ಕಾಲೇಜು ಹಂತದಲ್ಲಿ ಯಾವುದೇ ಅವಕಾಶವಿಲ್ಲ.

ಕಾಲೇಜು ಅಭಿವೃದ್ಧಿ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಮತ್ತು ದಾನಿಗಳ ನಿಧಿಗೆ ಪ್ರತ್ಯೇಕ ಷರತ್ತುಗಳಿರುತ್ತವೆ. ಆದುದರಿಂದ ಪ್ರತಿ ಬೇಡಿಕೆ ಪತ್ರದಲ್ಲಿ ಹಣದ ಮೂಲ, ಲೆಕ್ಕ ಶೀರ್ಷಿಕೆ ಮತ್ತು ಮಂಜೂರಾತಿ ಆದೇಶದ ಸಂಖ್ಯೆ ಹಾಗೂ ದಿನಾಂಕವನ್ನು ತಪ್ಪದೇ ನಮೂದಿಸತಕ್ಕದ್ದು.

2. ಸರಬರಾಜು ಆದೇಶ ಹೊರಡಿಸಿದ ಮಾತ್ರಕ್ಕೆ ಅನುದಾನ ಉಳಿಯುವುದಿಲ್ಲ

ಮಾರ್ಚ್ ತಿಂಗಳಲ್ಲಿ ಸರಬರಾಜು ಆದೇಶ ನೀಡಿದರೆ ಆ ವರ್ಷದ ಅನುದಾನ ಭದ್ರವಾಯಿತು ಎಂಬ ತಿಳಿವಳಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಸರ್ಕಾರದ ಲೆಕ್ಕಗಳು ನಗದು ಆಧಾರಿತವಾಗಿದ್ದು, ಪಾವತಿಯಾದ ವರ್ಷದ ಖಾತೆಗೆ ಮಾತ್ರ ವೆಚ್ಚ ಜಮೆಯಾಗುತ್ತದೆ. ಅನುದಾನವು ಸದುಪಯೋಗವಾಗಬೇಕಾದರೆ ಈ ಕೆಳಕಂಡ ಐದು ಹಂತಗಳು ವರ್ಷದೊಳಗೇ ಪೂರ್ಣಗೊಳ್ಳಬೇಕು:

ಅ) ಸಕ್ಷಮ ಪ್ರಾಧಿಕಾರದ ಮಂಜೂರಾತಿ ಮತ್ತು ಸರಬರಾಜು ಆದೇಶ
ಆ) ಸಾಮಗ್ರಿಯ ವಾಸ್ತವಿಕ ಸ್ವೀಕೃತಿ
ಇ) ಗುಣಮಟ್ಟ ಮತ್ತು ಪ್ರಮಾಣದ ಪರಿಶೀಲನೆ
ಈ) ದಾಸ್ತಾನು ವಹಿಯಲ್ಲಿ ನಮೂದು
ಉ) ಬಿಲ್ಲು ಸಲ್ಲಿಕೆ, ತಪಾಸಣೆ ಮತ್ತು ಪಾವತಿ

ಮಾರ್ಚ್ 31ರೊಳಗೆ ಪಾವತಿಯಾಗದ ಬಿಲ್ಲನ್ನು ಹೊಸ ವರ್ಷದ ಅನುದಾನದಿಂದ ಭರಿಸಬೇಕಾಗುತ್ತದೆ. ಉದಾಹರಣೆಗೆ, ರಸಾಯನಶಾಸ್ತ್ರ ವಿಭಾಗವೊಂದಕ್ಕೆ ವರ್ಷಕ್ಕೆ 1,00,000 ರೂ. ದೊರೆಯುತ್ತಿದ್ದು, ಹಿಂದಿನ ವರ್ಷದ 60,000 ರೂ. ಬಾಕಿ ಉಳಿದಿದ್ದರೆ, ಹೊಸ ವರ್ಷದ ವಿದ್ಯಾರ್ಥಿಗಳ ಪ್ರಯೋಗಗಳಿಗೆ 40,000 ರೂ. ಮಾತ್ರ ಉಳಿಯುತ್ತದೆ. ಹಿಂದಿನ ವರ್ಷದ 60,000 ರೂ. ಅನುದಾನ ಕೈತಪ್ಪಿರುತ್ತದೆ.

3. ಮಾರ್ಚ್‌ನಿಂದ ಹಿಂದಕ್ಕೆ ಎಣಿಸುವ ಕ್ರಮ

ರಾಜ್ಯ ಸರ್ಕಾರದ ಅಧೀನ ಸಂಸ್ಥೆಗಳ ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಮತ್ತು ಅದರಡಿಯ 2000ರ ನಿಯಮಗಳಿಗೆ ಒಳಪಟ್ಟಿರುತ್ತದೆ. ಅಧಿನಿಯಮದ 4ನೇ ಪ್ರಕರಣದಲ್ಲಿ ವಿನಾಯಿತಿ ನೀಡಿರುವ ಸಂದರ್ಭಗಳನ್ನು ಹೊರತುಪಡಿಸಿ ಉಳಿದೆಲ್ಲ ಖರೀದಿಗಳನ್ನು ಟೆಂಡರ್ ಮೂಲಕವೇ ಮಾಡತಕ್ಕದ್ದು. ವಿನಾಯಿತಿಯ ಮೌಲ್ಯಮಿತಿಯು ಕಾಲಕಾಲಕ್ಕೆ ತಿದ್ದುಪಡಿಯಾಗಿರುವುದರಿಂದ ಹಳೆಯ ಕಡತದ ಮಿತಿಯನ್ನು ಆಧರಿಸದೆ ಜಾರಿಯಲ್ಲಿರುವ ಆದೇಶವನ್ನು ಪರಿಶೀಲಿಸಬೇಕು. 2007ರಲ್ಲಿ ಆರಂಭಗೊಂಡ ಇ-ಪ್ರೊಕ್ಯೂರ್‌ಮೆಂಟ್ ವೇದಿಕೆಯ ಸ್ಥಾನದಲ್ಲಿ ಈಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಬಳಕೆಯಲ್ಲಿದೆ.

2000ರ ನಿಯಮಗಳು ಮೂಲತಃ 2 ಕೋಟಿ ರೂ.ವರೆಗಿನ ಟೆಂಡರಿಗೆ ಕನಿಷ್ಠ 30 ದಿನ ಮತ್ತು ಅದಕ್ಕೂ ಮೀರಿದ ಟೆಂಡರಿಗೆ ಕನಿಷ್ಠ 60 ದಿನಗಳ ಕಾಲಾವಕಾಶವನ್ನು ನಿಗದಿಪಡಿಸಿದ್ದವು. ಅವಧಿ ಕಡಿತಕ್ಕೆ ಟೆಂಡರ್ ಆಹ್ವಾನಿಸುವ ಅಧಿಕಾರಿಗಿಂತ ಮೇಲಿನ ಪ್ರಾಧಿಕಾರವು ಲಿಖಿತ ಕಾರಣಗಳೊಂದಿಗೆ ಅನುಮತಿ ನೀಡಬೇಕೆಂದು ಸದರಿ ನಿಯಮಗಳು ವಿಧಿಸಿವೆ. ಟೆಂಡರ್ ಹೊರಡಿಸುವ ದಿನದಂದು ಜಾರಿಯಲ್ಲಿರುವ ಅವಧಿಯನ್ನು ಖರೀದಿ ಶಾಖೆಯಿಂದ ಖಚಿತಪಡಿಸಿಕೊಳ್ಳಬೇಕು. ಅನುದಾನ ವ್ಯಪಗತವಾಗುತ್ತದೆ ಎಂಬುದು ಸಂಸ್ಥೆಯ ವಿಳಂಬದಿಂದ ಉಂಟಾದ ಸ್ಥಿತಿಯೇ ಹೊರತು ತುರ್ತು ಪರಿಸ್ಥಿತಿಯಲ್ಲ.

30 ದಿನಗಳ ಟೆಂಡರನ್ನು ಆಧರಿಸಿದ ಮಾದರಿ ವೇಳಾಪಟ್ಟಿ ಈ ಕೆಳಗಿನಂತಿದೆ:

ಏಪ್ರಿಲ್–ಜೂನ್: ವಿಭಾಗವಾರು ವಾರ್ಷಿಕ ಅಗತ್ಯಗಳ ಪಟ್ಟಿ, ಹಾಲಿ ದಾಸ್ತಾನಿನೊಂದಿಗೆ ಹೋಲಿಕೆ
ಸೆಪ್ಟೆಂಬರ್ ಅಂತ್ಯ: ಬೇಡಿಕೆ ಪತ್ರ ಮತ್ತು ತಾಂತ್ರಿಕ ವಿವರಗಳ ಸಲ್ಲಿಕೆ
ಅಕ್ಟೋಬರ್: ಒಂದೇ ಬಗೆಯ ಬೇಡಿಕೆಗಳ ಕ್ರೋಡೀಕರಣ, ಆಡಳಿತಾತ್ಮಕ ಅನುಮೋದನೆ
ನವೆಂಬರ್ ಮೊದಲ ವಾರ: ಟೆಂಡರ್ ಪ್ರಕಟಣೆ
ಡಿಸೆಂಬರ್: ಟೆಂಡರ್ ತೆರೆಯುವುದು, ತಾಂತ್ರಿಕ ಮತ್ತು ಆರ್ಥಿಕ ಮೌಲ್ಯಮಾಪನ
ಜನವರಿ ಮೊದಲ ಪಕ್ಷ: ಅಂಗೀಕಾರ, ಕರಾರು ಪತ್ರ, ಸರಬರಾಜು ಆದೇಶ
ಫೆಬ್ರವರಿ ಅಂತ್ಯ: ಸಾಮಗ್ರಿ ಸ್ವೀಕೃತಿ, ಅಳವಡಿಕೆ, ಪರಿಶೀಲನೆ
ಮಾರ್ಚ್ ಮೊದಲ ವಾರ: ಬಿಲ್ಲು ಸಲ್ಲಿಕೆ

ಟೆಂಡರಿಗೆ ಸೂಕ್ತ ಪ್ರತಿಕ್ರಿಯೆ ಬಾರದಿದ್ದಲ್ಲಿ ಮರು ಟೆಂಡರ್ ಕರೆಯಲು ಈ ವೇಳಾಪಟ್ಟಿಯಲ್ಲಿ ಸ್ವಲ್ಪ ಅವಕಾಶವಿರುತ್ತದೆ. ಜನವರಿ ಮಧ್ಯಭಾಗದಲ್ಲಿ ಪ್ರಕಟವಾದ ಟೆಂಡರಿಗೆ ಈ ಅವಕಾಶ ಇರುವುದಿಲ್ಲ. ಬೆಂಗಳೂರಿನಿಂದ ಬರಬೇಕಾದ ಉಪಕರಣಗಳ ಸಾಗಣೆ ಮತ್ತು ತಂತ್ರಜ್ಞರ ಭೇಟಿಗೆ ತಗಲುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

4. ಬೇಡಿಕೆ ಪತ್ರದಲ್ಲಿ ಇರಬೇಕಾದ ಅಂಶಗಳು

ಬೇಡಿಕೆ ಪತ್ರವು ಅಪೂರ್ಣವಾಗಿರುವುದೇ ಕಡತವು ವಿಭಾಗ ಮತ್ತು ಖರೀದಿ ಶಾಖೆಯ ನಡುವೆ ತಿರುಗಾಡಲು ಮುಖ್ಯ ಕಾರಣವಾಗಿರುತ್ತದೆ. ಈ ಕೆಳಕಂಡ ವಿವರಗಳನ್ನು ಒದಗಿಸಲು ಕೋರಿದೆ:

* ಸಾಮಗ್ರಿಯ ಹೆಸರು, ಪ್ರಮಾಣ ಮತ್ತು ಬಳಕೆಯ ಉದ್ದೇಶ
* ಯಾವುದೇ ಒಂದು ಕಂಪನಿಯ ಹೆಸರನ್ನು ಸೂಚಿಸದ ತಾಂತ್ರಿಕ ವಿವರ
* ಅಂದಾಜು ಮೊತ್ತ ಮತ್ತು ಅಂದಾಜಿನ ಆಧಾರ
* ಹಾಲಿ ದಾಸ್ತಾನಿನಲ್ಲಿ ಲಭ್ಯವಿಲ್ಲವೆಂಬ ಉಗ್ರಾಣದ ದೃಢೀಕರಣ
* ಲೆಕ್ಕ ಶೀರ್ಷಿಕೆ ಮತ್ತು ಅನುದಾನ ಲಭ್ಯತೆಯ ದೃಢೀಕರಣ
* ಅಳವಡಿಕೆಗೆ ಬೇಕಾದ ಸ್ಥಳ, ವಿದ್ಯುತ್ ಮತ್ತು ನೀರಿನ ವ್ಯವಸ್ಥೆಯ ವಿವರ
* ಶೀತಲ ಸರಪಳಿಯಲ್ಲಿ ಸಂರಕ್ಷಿಸಬೇಕಾದ ಲಸಿಕೆ, ಕಿಟ್ ಮುಂತಾದವುಗಳಿಗೆ ಲಭ್ಯವಿರುವ ಶೇಖರಣಾ ಸಾಮರ್ಥ್ಯ

ಕೊನೆಯ ಎರಡು ಅಂಶಗಳನ್ನು ವರ್ಷಾಂತ್ಯದಲ್ಲಿ ವಿಶೇಷವಾಗಿ ಗಮನಿಸಬೇಕು. ಕೊಠಡಿ ಸಿದ್ಧವಿಲ್ಲದೆ ಖರೀದಿಸಿದ ಯಂತ್ರವು ಪೆಟ್ಟಿಗೆಯಲ್ಲಿಯೇ ಉಳಿದು ಖಾತರಿ ಅವಧಿ ಮುಗಿಯುತ್ತದೆ. ಅಗತ್ಯಕ್ಕಿಂತ ಹೆಚ್ಚಾಗಿ ಖರೀದಿಸಿದ ರಾಸಾಯನಿಕ ಮತ್ತು ಔಷಧಿಗಳು ಬಳಕೆಗೆ ಮುನ್ನವೇ ಅವಧಿ ಮೀರುತ್ತವೆ.

5. ಸಾಮಗ್ರಿ ಸ್ವೀಕೃತಿ ಮತ್ತು ಪರಿಶೀಲನೆ

ಸಾಮಗ್ರಿಯನ್ನು ಸ್ವೀಕರಿಸುವ ಸಿಬ್ಬಂದಿಯು ಸರಬರಾಜು ಆದೇಶ ಮತ್ತು ವಿತರಣಾ ಚಲನ್‌ನೊಂದಿಗೆ ತಾಳೆ ನೋಡಿ, ದಿನಾಂಕ ಸಹಿತ ಸಹಿ ಮಾಡಬೇಕು. ಗುಣಮಟ್ಟದ ಪರಿಶೀಲನೆಯನ್ನು ವಿಷಯ ಬಲ್ಲ ಸಿಬ್ಬಂದಿ ಅಥವಾ ಸಮಿತಿಯಿಂದ ಮಾಡಿಸತಕ್ಕದ್ದು. ದೋಷ ಕಂಡುಬಂದಲ್ಲಿ ಸರಬರಾಜುದಾರರಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು.

ಸಾಮಗ್ರಿ ಬಾರದಿದ್ದರೂ ಬಂದಿದೆ ಎಂದು, ಅಥವಾ ಅಳವಡಿಸದಿದ್ದರೂ ಅಳವಡಿಸಲಾಗಿದೆ ಎಂದು ಪ್ರಮಾಣೀಕರಿಸುವುದು ಗಂಭೀರ ಲೋಪವಾಗಿರುತ್ತದೆ. ದಾಸ್ತಾನು ವಹಿಯ ನಮೂದಿಗೆ ಸಹಿ ಮಾಡಿದ ಸಿಬ್ಬಂದಿಯು ಅದರ ಸತ್ಯತೆಗೆ ವೈಯಕ್ತಿಕವಾಗಿ ಹೊಣೆಗಾರರಾಗಿರುತ್ತಾರೆ. ಅನುದಾನ ಉಳಿಸಿಕೊಳ್ಳುವ ಸದುದ್ದೇಶವಿತ್ತು ಎಂಬುದು ಇದಕ್ಕೆ ಸಮರ್ಥನೆಯಾಗುವುದಿಲ್ಲ. ಅನುದಾನ ವ್ಯಪಗತವಾದರೆ ಮರಳಿ ಕೋರಬಹುದು. ಸುಳ್ಳು ಪ್ರಮಾಣಪತ್ರವನ್ನು ಹಿಂಪಡೆಯಲಾಗದು.

6. ಬಿಲ್ಲಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

* ಮಂಜೂರಾತಿ ಆದೇಶ ಮತ್ತು ಸರಬರಾಜು ಆದೇಶದ ಪ್ರತಿ
* ಜಿ.ಎಸ್.ಟಿ. ಸಂಖ್ಯೆಯುಳ್ಳ ಮೂಲ ತೆರಿಗೆ ಬಿಲ್ಲು
* ವಿತರಣಾ ಚಲನ್ ಮತ್ತು ಪರಿಶೀಲನಾ ವರದಿ
* ದಾಸ್ತಾನು ವಹಿಯ ಪುಟ ಸಂಖ್ಯೆಯ ನಮೂದು
* ಉಪಕರಣವಾದಲ್ಲಿ ಅಳವಡಿಕೆ ವರದಿ ಮತ್ತು ಖಾತರಿ ಪತ್ರ
* ಟೆಂಡರ್ ಅಥವಾ ದರಪಟ್ಟಿಗಳ ತುಲನಾತ್ಮಕ ತಖ್ತೆ
* ಸರಬರಾಜುದಾರರ ಬ್ಯಾಂಕ್ ಖಾತೆಯ ವಿವರ ಮತ್ತು ಪ್ಯಾನ್ ಸಂಖ್ಯೆ

ಬ್ಯಾಂಕ್ ಖಾತೆಯ ಸಂಖ್ಯೆ ಅಥವಾ ಐ.ಎಫ್.ಎಸ್.ಸಿ. ಸಂಕೇತದಲ್ಲಿ ತಪ್ಪಿದ್ದರೆ ಹಣವು ಪಾವತಿಯಾಗದೆ ಹಿಂದಿರುಗುತ್ತದೆ. ವರ್ಷದ ಕೊನೆಯ ದಿನಗಳಲ್ಲಿ ಇದನ್ನು ಸರಿಪಡಿಸಲು ಕಾಲಾವಕಾಶ ದೊರೆಯದಿರಬಹುದು. ಆದ್ದರಿಂದ ಸರಬರಾಜುದಾರರು ತಮ್ಮ ಖಾತೆಯ ವಿವರವನ್ನು ಫೆಬ್ರವರಿಯಲ್ಲಿಯೇ ಖಚಿತಪಡಿಸಿಕೊಳ್ಳುವುದು ಒಳಿತು.

ಖಜಾನೆಗೆ ಬಿಲ್ಲು ಸಲ್ಲಿಸುವ ಕೊನೆಯ ದಿನಾಂಕಗಳ ಬಗ್ಗೆ ಆರ್ಥಿಕ ಇಲಾಖೆಯು ವರ್ಷಾಂತ್ಯದಲ್ಲಿ ಸೂಚನೆಗಳನ್ನು ಹೊರಡಿಸುತ್ತದೆ. ಕಾಲೇಜು ಅಥವಾ ವಿಶ್ವವಿದ್ಯಾಲಯದ ಆಂತರಿಕ ಕೊನೆಯ ದಿನಾಂಕವು ಅದಕ್ಕಿಂತ ಮುಂಚಿತವಾಗಿರುತ್ತದೆ. ಸಿಬ್ಬಂದಿಯು ಆಂತರಿಕ ದಿನಾಂಕವನ್ನೇ ಅಂತಿಮವೆಂದು ಭಾವಿಸತಕ್ಕದ್ದು.

7. ಮೂಲದಲ್ಲಿ ತೆರಿಗೆ ಕಡಿತ

ತೆರಿಗೆ ಹೊರತುಪಡಿಸಿ ಕರಾರಿನ ಮೌಲ್ಯವು 2.5 ಲಕ್ಷ ರೂ. ಮೀರಿದಲ್ಲಿ ಅಕ್ಟೋಬರ್ 1, 2018ರಿಂದ ಜಿ.ಎಸ್.ಟಿ. ಅಡಿಯಲ್ಲಿ ಶೇ. 2ರಷ್ಟು ಮೊತ್ತವನ್ನು ಮೂಲದಲ್ಲಿ ಕಡಿತಗೊಳಿಸುವ ವ್ಯವಸ್ಥೆ ಜಾರಿಯಲ್ಲಿದೆ. ರಾಜ್ಯದೊಳಗಿನ ಸರಬರಾಜಿನಲ್ಲಿ ಕೇಂದ್ರ ತೆರಿಗೆ ಶೇ. 1 ಮತ್ತು ರಾಜ್ಯ ತೆರಿಗೆ ಶೇ. 1ರಂತೆ ಕಡಿತವಾಗುತ್ತದೆ. ಹೈದರಾಬಾದ್ ಮುಂತಾದ ಹೊರರಾಜ್ಯದ ಸ್ಥಳಗಳಿಂದ ಬೀದರ್‌ಗೆ ಸರಬರಾಜಾದಲ್ಲಿ ಸಮಗ್ರ ತೆರಿಗೆಯಡಿ ಶೇ. 2 ಕಡಿತವಾಗುತ್ತದೆ. ಈ ಮೊತ್ತವು ಸರಬರಾಜುದಾರರಿಗೆ ನಷ್ಟವಲ್ಲ; ಸಂಸ್ಥೆಯು ವಿವರಪಟ್ಟಿ ಸಲ್ಲಿಸಿದ ನಂತರ ಅವರ ಎಲೆಕ್ಟ್ರಾನಿಕ್ ನಗದು ಖಾತೆಗೆ ಜಮೆಯಾಗುತ್ತದೆ. ಅನ್ವಯವಾಗುವ ಕಡೆ ಆದಾಯ ತೆರಿಗೆಯನ್ನೂ ಪ್ರತ್ಯೇಕವಾಗಿ ಕಡಿತಗೊಳಿಸಲಾಗುತ್ತದೆ.

8. ಮುಂಗಡಗಳ ಹೊಂದಾಣಿಕೆ

ಶೈಕ್ಷಣಿಕ ಪ್ರವಾಸ, ವಿಚಾರ ಸಂಕಿರಣ, ಕ್ಷೇತ್ರ ಅಧ್ಯಯನ ಮುಂತಾದವುಗಳಿಗೆ ಮುಂಗಡ ಪಡೆದ ಸಿಬ್ಬಂದಿಯು ಕಾರ್ಯ ಮುಗಿದ ಕೂಡಲೇ ವೋಚರುಗಳೊಂದಿಗೆ ಲೆಕ್ಕ ಸಲ್ಲಿಸಿ, ಉಳಿಕೆ ಹಣವನ್ನು ಜಮೆ ಮಾಡತಕ್ಕದ್ದು. ಖಜಾನೆಯಿಂದ ಸಂಕ್ಷಿಪ್ತ ಸಾದಿಲ್ವಾರು ಬಿಲ್ಲಿನ ಮೂಲಕ ಸೆಳೆದ ಮೊತ್ತಕ್ಕೆ, 1958ರ ಸಾದಿಲ್ವಾರು ವೆಚ್ಚ ಕೈಪಿಡಿಯ ಪ್ರಕಾರ, ಮುಂದಿನ ತಿಂಗಳ 15ನೇ ತಾರೀಖಿನೊಳಗೆ ವಿವರವಾದ ಬಿಲ್ಲನ್ನು ಸಲ್ಲಿಸಬೇಕು. ತಕ್ಷಣದ ಬಟವಾಡೆಗೆ ಅಗತ್ಯವಿಲ್ಲದ ಹಣವನ್ನು ವ್ಯಪಗತವಾಗುವುದನ್ನು ತಪ್ಪಿಸುವ ಉದ್ದೇಶದಿಂದ ಖಜಾನೆಯಿಂದ ಸೆಳೆದು ಬ್ಯಾಂಕ್ ಖಾತೆಯಲ್ಲಿ ಇಡುವಂತಿಲ್ಲ.

ಅತಿಥಿ ಉಪನ್ಯಾಸಕರ ಗೌರವಧನದ ವಿಷಯದಲ್ಲಿ ವಿಭಾಗ ಮುಖ್ಯಸ್ಥರು ಹಾಜರಾತಿ ಮತ್ತು ಕಾರ್ಯಭಾರದ ದೃಢೀಕರಣವನ್ನು ವಿಳಂಬವಿಲ್ಲದೆ ಒದಗಿಸಲು ಕೋರಿದೆ. ಒಂದು ಸಹಿ ತಡವಾದಲ್ಲಿ ಆ ತಿಂಗಳ ಗೌರವಧನವು ಹೊಸ ವರ್ಷದ ಅನುದಾನ ಬಿಡುಗಡೆಯಾಗುವವರೆಗೆ ಬಾಕಿ ಉಳಿಯುವ ಸಾಧ್ಯತೆ ಇರುತ್ತದೆ.

9. ಕೇಂದ್ರ ಅನುದಾನದ ಯೋಜನೆಗಳು

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರ ಪ್ರಕಾರ ವರ್ಷದ ಕೊನೆಯ ತಿಂಗಳುಗಳಲ್ಲಿ ವೆಚ್ಚವನ್ನು ಒತ್ತೊತ್ತಾಗಿ ಮಾಡುವುದು ಆರ್ಥಿಕ ಔಚಿತ್ಯದ ಉಲ್ಲಂಘನೆಯಾಗಿದೆ. ಉನ್ನತ ಪ್ರಾಧಿಕಾರದ ಮಂಜೂರಾತಿಯನ್ನು ತಪ್ಪಿಸಲು ಖರೀದಿಯನ್ನು ಸಣ್ಣ ಭಾಗಗಳಾಗಿ ವಿಭಜಿಸುವುದನ್ನೂ ಸದರಿ ನಿಯಮಗಳು ನಿಷೇಧಿಸಿವೆ. ಯೋಜನೆಯ ಪ್ರಧಾನ ಸಂಶೋಧಕರು ಗಮನಿಸಬೇಕಾದ ಅಂಶಗಳು:

* ಹಣ ಬಳಕೆ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಸಲ್ಲಿಸಬೇಕು. ಮಂಜೂರಾತಿ ಆದೇಶದಲ್ಲಿ ಇದಕ್ಕಿಂತ ಕಡಿಮೆ ಅವಧಿ ಇದ್ದಲ್ಲಿ ಅದನ್ನು ಪಾಲಿಸಬೇಕು.
* ಅನುದಾನದ ಮೇಲೆ ಗಳಿಸಿದ ಬಡ್ಡಿಯನ್ನು ಲೆಕ್ಕ ಅಂತಿಮಗೊಂಡ ಕೂಡಲೇ ಭಾರತದ ಸಂಚಿತ ನಿಧಿಗೆ ಜಮೆ ಮಾಡಬೇಕು.
* ಟ್ರೆಷರಿ ಸಿಂಗಲ್ ಅಕೌಂಟ್ ವ್ಯವಸ್ಥೆಯಡಿ ನೀಡಿದ ವೆಚ್ಚಮಿತಿಯಲ್ಲಿ ಬಳಕೆಯಾಗದ ಭಾಗವು ವರ್ಷಾಂತ್ಯಕ್ಕೆ ರದ್ದಾಗುತ್ತದೆ.
* ಒಂದು ಶೀರ್ಷಿಕೆಯ ಹಣವನ್ನು ಮತ್ತೊಂದಕ್ಕೆ ಬಳಸಲು ಅನುದಾನ ನೀಡಿದ ಸಂಸ್ಥೆಯ ಪೂರ್ವಾನುಮತಿ ಅಗತ್ಯ.

10. ಉಳಿತಾಯವನ್ನು ಸಕಾಲದಲ್ಲಿ ತಿಳಿಸುವುದು

ಖರೀದಿ ಸಾಧ್ಯವಿಲ್ಲವೆಂದು ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಕಂಡುಬಂದಲ್ಲಿ, ಆ ಮೊತ್ತವನ್ನು ಮೇಲಧಿಕಾರಿಗಳಿಗೆ ಅಧ್ಯರ್ಪಿಸಿದರೆ ಅಥವಾ ಮರುವಿನಿಯೋಗಕ್ಕೆ ಪ್ರಸ್ತಾವನೆ ಸಲ್ಲಿಸಿದರೆ ಅದು ಮತ್ತೊಂದು ಕಾಲೇಜಿನ ಅಗತ್ಯಕ್ಕೆ ಒದಗುತ್ತದೆ. ಮಾರ್ಚ್ ಕೊನೆಯ ದಿನಗಳಲ್ಲಿ ಅಧ್ಯರ್ಪಿಸಿದ ಹಣವು ಯಾರ ಉಪಯೋಗಕ್ಕೂ ಬರುವುದಿಲ್ಲ. ಸಕಾಲದಲ್ಲಿ ಉಳಿತಾಯ ತಿಳಿಸುವುದು ಸಂಸ್ಥೆಯ ವೈಫಲ್ಯವಲ್ಲ. ಅದು ಉತ್ತಮ ಹಣಕಾಸು ನಿರ್ವಹಣೆಯ ಭಾಗ.

11. ಸರಬರಾಜುದಾರರ ಹಕ್ಕುಗಳು

ಟೆಂಡರ್ ಅಂಗೀಕರಿಸುವ ಪ್ರಾಧಿಕಾರದ ಆದೇಶದಿಂದ ಬಾಧಿತರಾದ ಟೆಂಡರುದಾರರು, ಎಲ್ಲಾ ಟೆಂಡರುಗಳನ್ನು ತಿರಸ್ಕರಿಸಿದ ಆದೇಶವನ್ನು ಹೊರತುಪಡಿಸಿ, 1999ರ ಅಧಿನಿಯಮದ 16ನೇ ಪ್ರಕರಣದಂತೆ ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮದ ರಕ್ಷಣೆ ಇದೆ. ಲಿಖಿತ ಒಪ್ಪಂದವಿದ್ದಲ್ಲಿ ಅದರಲ್ಲಿ ನಮೂದಿಸಿದ ಅವಧಿಯೊಳಗೆ ಪಾವತಿಸಬೇಕು. ಆದರೆ ಆ ಅವಧಿಯು ಅಂಗೀಕಾರದ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳ ಮಿತಿ ಅನ್ವಯವಾಗುತ್ತದೆ. ಫೆಬ್ರವರಿ 14ರಂದು ಅಂಗೀಕೃತವಾದ ಸಾಮಗ್ರಿಗೆ 45ನೇ ದಿನವು ಅಧಿಕ ವರ್ಷವಲ್ಲದ ವರ್ಷಗಳಲ್ಲಿ ಮಾರ್ಚ್ 31 ಆಗಿರುತ್ತದೆ. ವಿಳಂಬಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ನೀಡಬೇಕಾಗುತ್ತದೆ. ಅನುದಾನ ವ್ಯಪಗತವಾಗಿದೆ ಎಂಬ ಕಾರಣದಿಂದ ಈ ಹೊಣೆ ತಪ್ಪುವುದಿಲ್ಲ. ಬಾಧಿತ ಉದ್ಯಮಗಳು ಸದರಿ ಅಧಿನಿಯಮದಡಿ ರಚಿತವಾದ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಬಹುದು.

ಬಿಲ್ಲಿನ ಸ್ಥಿತಿಗತಿಯನ್ನು ತಿಳಿಯಲು ಮೊದಲು ಸಂಸ್ಥೆಯ ಹಣಕಾಸು ಶಾಖೆಗೆ ಲಿಖಿತ ಮನವಿ ಸಲ್ಲಿಸಬೇಕು. ಉತ್ತರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಮಾಹಿತಿ ನೀಡಲು 30 ದಿನಗಳ ಕಾಲಮಿತಿ ಇರುತ್ತದೆ.

12. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಮಾರ್ಚ್ 28ರಂದು ಸಾಮಗ್ರಿಯ ಅರ್ಧ ಭಾಗ ಮಾತ್ರ ಬಂದಿದೆ. ಪೂರ್ಣ ಮೊತ್ತದ ಬಿಲ್ಲು ಸಲ್ಲಿಸಬಹುದೇ?
ಉತ್ತರ: ಸಲ್ಲಿಸುವಂತಿಲ್ಲ. ಸರಬರಾಜು ಆದೇಶದಲ್ಲಿ ಭಾಗಶಃ ಪಾವತಿಗೆ ಅವಕಾಶವಿದ್ದಲ್ಲಿ, ಸ್ವೀಕರಿಸಿ ಪರಿಶೀಲಿಸಿದ ಭಾಗಕ್ಕೆ ಮಾತ್ರ ಬಿಲ್ಲು ಸಲ್ಲಿಸಬಹುದು.

ಪ್ರಶ್ನೆ: ಕೊಟೇಶನ್ ಅಥವಾ ಪ್ರೊಫಾರ್ಮಾ ಇನ್‌ವಾಯ್ಸ್ ಆಧಾರದ ಮೇಲೆ ಮುಂಚಿತವಾಗಿ ಹಣ ಪಾವತಿಸಬಹುದೇ?
ಉತ್ತರ: ಸಾಮಾನ್ಯವಾಗಿ ಅವಕಾಶವಿಲ್ಲ. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಅನುಮತಿ ಇರುವ ಪ್ರಕರಣಗಳಲ್ಲಿ ಮಾತ್ರ, ಭದ್ರತೆ ಪಡೆದು ಪಾವತಿಸಬಹುದು.

ಪ್ರಶ್ನೆ: ಅನುದಾನವು ಮಾರ್ಚ್ ಎರಡನೇ ವಾರದಲ್ಲಿ ಬಿಡುಗಡೆಯಾಗಿದೆ. ಏನು ಮಾಡಬೇಕು?
ಉತ್ತರ: ಈಗಾಗಲೇ ಟೆಂಡರ್ ಪ್ರಕ್ರಿಯೆ ಮುಗಿದಿರುವ, ಸಾಮಗ್ರಿ ಸ್ವೀಕೃತವಾಗಿರುವ ಪ್ರಕರಣಗಳಿಗೆ ಆದ್ಯತೆ ನೀಡಬೇಕು. ಹೊಸ ಖರೀದಿ ಸಾಧ್ಯವಿಲ್ಲದಿದ್ದಲ್ಲಿ, ಬಿಡುಗಡೆಯ ದಿನಾಂಕವನ್ನು ಉಲ್ಲೇಖಿಸಿ, ಮುಂದಿನ ವರ್ಷ ಮರು ಮಂಜೂರಾತಿಗಾಗಿ ಕೂಡಲೇ ಪ್ರಸ್ತಾವನೆ ಸಲ್ಲಿಸಬೇಕು.

ಪ್ರಶ್ನೆ: ಮೌಖಿಕ ಸೂಚನೆಯ ಮೇರೆಗೆ ಸಾಮಗ್ರಿ ಸರಬರಾಜು ಮಾಡಬಹುದೇ?
ಉತ್ತರ: ಮಾಡಬಾರದು. ಲಿಖಿತ ಸರಬರಾಜು ಆದೇಶವಿಲ್ಲದ ಬಿಲ್ಲನ್ನು ಅಂಗೀಕರಿಸಲಾಗುವುದಿಲ್ಲ. ವರ್ತಕರು ಆದೇಶದ ಪ್ರತಿಯನ್ನು ಪಡೆದ ನಂತರವೇ ಸರಬರಾಜು ಮಾಡತಕ್ಕದ್ದು.

ವಿಶೇಷ ಸೂಚನೆ

ವಿಶ್ವವಿದ್ಯಾಲಯಗಳ ಲೆಕ್ಕಗಳು ಲೆಕ್ಕಪರಿಶೋಧನೆಗೆ ಒಳಪಡುತ್ತವೆ. ಆಕ್ಷೇಪಣೆಗಳು ಹಲವು ವರ್ಷಗಳ ನಂತರವೂ ಬರಬಹುದಾದ್ದರಿಂದ, ವರ್ಗಾವಣೆಯಾಗುವ ಅಥವಾ ನಿವೃತ್ತರಾಗುವ ಸಿಬ್ಬಂದಿಯು ದಾಸ್ತಾನು ವಹಿ, ಮುಂಗಡ ವಹಿ ಮತ್ತು ಖರೀದಿ ಕಡತಗಳ ಪ್ರಭಾರವನ್ನು ಪಟ್ಟಿ ಸಹಿತ ವಹಿಸಿಕೊಡಬೇಕು. ಮೌಲ್ಯಮಿತಿ, ಕಾಲಾವಧಿ ಹಾಗೂ ತೆರಿಗೆ ದರಗಳ ವಿಷಯದಲ್ಲಿ ಸರ್ಕಾರವು ಹೊರಡಿಸುವ ಇತ್ತೀಚಿನ ಆದೇಶವೇ ಅಂತಿಮವಾಗಿರುತ್ತದೆ. ಬೀದರ್ ಮತ್ತು ಭಾಲ್ಕಿ ಭಾಗದ ಸಿಬ್ಬಂದಿಯು ತಮ್ಮ ವಿಶ್ವವಿದ್ಯಾಲಯದ ಹಣಕಾಸು ವಿಭಾಗವನ್ನು, ಔರಾದ್ ಕಾಲೇಜಿನ ಸಿಬ್ಬಂದಿಯು ಪ್ರಾಂಶುಪಾಲರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಿದೆ.